ಮುರಿದ ಮೂಳೆಯ ಆನಿಮೇಷನ್: ಮೂರನೇ ದೃಶ್ಯಕ್ಕೆ ಬಂದೆ

ಮುರಿದ ಮೂಳೆ ಹೇಗೆ ಕೂಡಿಕೊಳ್ಳುತ್ತದೆ ಅಂತ ವಾಟರ್ ಕಲರ್‌ನಲ್ಲಿ ಬರೆದು, ಒಂದೊಂದೇ ಚಿತ್ರದ ಫೋಟೋ ತೆಗೆದು ಆನಿಮೇಷನ್ ಮಾಡುತ್ತಿದ್ದೇನಲ್ಲ, ಅದು ಈಗ ಮೂರನೇ ದೃಶ್ಯಕ್ಕೆ ಬಂದಿದೆ. ಆಮ್ಲಜನಕ ನೀಲಿ, ಹೈಡ್ರೋಜನ್ ಪೆರಾಕ್ಸೈಡ್ ಕಿತ್ತಳೆ. ಈ ಎರಡು ಬಣ್ಣಗಳ ಏರಿಳಿತದಲ್ಲೇ ಇಡೀ ಕಥೆ ಹೇಳಬೇಕು ಅನ್ನುವುದು ನನ್ನ ಆಸೆ.

ಮೊದಲನೆಯದು ಮುಗಿದಿದೆ. ಮೂಳೆ ಮುರಿಯುತ್ತದೆ, ರಕ್ತನಾಳಗಳು ಹರಿಯುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟ. ನಾಳ ಹರಿದ ಮೇಲೆ ಹೆಪ್ಪಿನೊಳಗೆ ನೀಲಿ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಜೀವಕೋಶಗಳಲ್ಲಿ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಕಿಣ್ವವೊಂದು ಅದಕ್ಕೆ ಗುರುತು ಹಾಕುತ್ತದೆ. ಗುರುತು ಬಿದ್ದದ್ದು ಬೇಗನೆ ನಾಶವಾಗುತ್ತದೆ. ಆಮ್ಲಜನಕ ಸಾಲದಿದ್ದರೆ ಗುರುತು ಬೀಳುವುದಿಲ್ಲ. ಆಗ ಅದು ಉಳಿದುಕೊಂಡು, ಕೋಶಕೇಂದ್ರಕ್ಕೆ ಹೋಗಿ, ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್‌ನ ತಯಾರಿ ಶುರುಮಾಡಿಸುತ್ತದೆ. ಹೊಸ ರಕ್ತನಾಳಗಳು ಆ ಕಡೆ ಚಿಗುರುತ್ತವೆ. ಅಂದರೆ ಆಮ್ಲಜನಕದ ಕೊರತೆಯೇ ಇಲ್ಲಿ ಸುದ್ದಿ! ಈ ಏರ್ಪಾಡನ್ನು ಬಿಡಿಸಿ ತೋರಿಸಿದ್ದಕ್ಕೇ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂದದ್ದು. ಗುರುತನ್ನು ಸಣ್ಣ ಕಪ್ಪು ಚುಕ್ಕೆಯಾಗಿ ಬರೆದಿದ್ದೇನೆ. ನೀಲಿ ತೆಳುವಾದಂತೆ ಚುಕ್ಕೆಗಳೂ ಕಾಣೆಯಾಗುತ್ತವೆ. ಓಡಿಸಿ ನೋಡಿದರೆ ವಿವರಣೆಯೇ ಬೇಡ.

ಮೂರನೆಯದರಲ್ಲಿ ಕಿತ್ತಳೆಯ ಸರದಿ. ಫ್ರೀ ರ‍್ಯಾಡಿಕಲ್ ಕೆಟ್ಟದ್ದು, ಆಂಟಿಆಕ್ಸಿಡೆಂಟ್ ಒಳ್ಳೆಯದು ಅಂತ ಜಾಹೀರಾತುಗಳು ಹೇಳುತ್ತವೆ ಅಲ್ವಾ? ಪೆರಾಕ್ಸೈಡನ್ನೂ ಸಾಮಾನ್ಯವಾಗಿ ಅದೇ ಕೆಟ್ಟ ಗುಂಪಿಗೆ ಸೇರಿಸುತ್ತಾರೆ. ಆದರೆ ಮೂಳೆಯ ವಿಷಯದಲ್ಲಿ ಇಷ್ಟು ಹೇಳಿದರೆ ಸಾಲದು. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಆಗಬೇಕಾದ ಕೋಶಕ್ಕೆ ರ‍್ಯಾಂಕ್‌ಎಲ್ ಎಂಬ ಪ್ರೋಟೀನ್ ಬಂದು ತಾಗಿದಾಗ, ಒಳಗೆ ಪೆರಾಕ್ಸೈಡ್ ಹುಟ್ಟುತ್ತದೆ. ಕೋಶ ಬಲಿಯಲು ಆ ಸಂಕೇತ ಬೇಕು. ಗಂಟುಗಂಟಾಗಿ ಬೆಳೆದ ಹೊಸ ಮೂಳೆಯನ್ನು ಸವರಿ ಆಕಾರಕ್ಕೆ ತರುವುದು ಇದೇ ಆಸ್ಟಿಯೋಕ್ಲಾಸ್ಟ್. ಜೀಬ್ರಾ ಮೀನಿನಲ್ಲಂತೂ, ಬಾಲದ ರೆಕ್ಕೆ ಕತ್ತರಿಸಿದ ಮೇಲೆ ಪೆರಾಕ್ಸೈಡ್ ಹುಟ್ಟದಂತೆ ತಡೆದರೆ ರೆಕ್ಕೆ ಸರಿಯಾಗಿ ಮತ್ತೆ ಬೆಳೆಯುವುದೇ ಇಲ್ಲ. ಆ ರೆಕ್ಕೆಯ ಕಡ್ಡಿಗಳೂ ಮೂಳೆಯೇ.

ಹಾಗಂತ ಕಿತ್ತಳೆ ಜಾಸ್ತಿಯಾಗಿ ಹಾಗೇ ಉಳಿದರೆ ಕರಗುವುದೇ ಹೆಚ್ಚಾಗುತ್ತದೆ, ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ಸೊರಗುತ್ತವೆ. ಅದಕ್ಕೆ ಕಡಿವಾಣ ಹಾಕುವ ಪ್ರೋಟೀನ್ ಎನ್‌ಆರ್‌ಎಫ್2. ಮಾಮೂಲಿ ದಿನಗಳಲ್ಲಿ ಕೀಪ್1 ಎಂಬ ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಕೀಪ್1ರಲ್ಲಿರುವ ಗಂಧಕದ ಗುಂಪುಗಳಿಗೆ ಪೆರಾಕ್ಸೈಡ್ ತಾಗಿದರೆ ಆ ಕೆಲಸ ಕೆಡುತ್ತದೆ. ಎನ್‌ಆರ್‌ಎಫ್2 ಉಳಿದು, ಪೆರಾಕ್ಸೈಡ್ ಇಳಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಕಿತ್ತಳೆಯೇ ಕಿತ್ತಳೆಯನ್ನು ತಗ್ಗಿಸುವ ದಾರಿ ತೆರೆಯುತ್ತದೆ.

ಈಗ ಬರೆಯುತ್ತಿರುವುದು ಇದನ್ನೇ. ಒದ್ದೆ ಕಾಗದದ ಮೇಲೆ ಕಿತ್ತಳೆ ಎಲ್ಲೆಡೆ ಹರಡಿಬಿಡುತ್ತದೆ. ಇಲ್ಲಿ ಬೇಕಿರುವುದು ಒಂದೇ ಜಾಗದ ಚಿಕ್ಕ ಮಿಂಚು. ಹಾಗಾಗಿ ಈ ದೃಶ್ಯಕ್ಕೆ ಕಾಗದ ಪೂರ್ತಿ ಒಣಗಲು ಬಿಟ್ಟು, ಸಣ್ಣ ಬ್ರಷ್ಷಿನಲ್ಲಿ ಬರೆಯುತ್ತಿದ್ದೇನೆ.