ಮೈಕ್ ಹಿಡಿದ ರಜೆ

ಈ ರಜೆಯಲ್ಲಿ ಮಡಿಕೇರಿಯ ಒಂದು ಟಿವಿ ನ್ಯೂಸ್ ಚಾನೆಲ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಆಂಕರ್ ಆಗಬೇಕು ಅಂತ ಬಂದವಳಿಗೆ ಈಗ ಓಡಾಡಿ ಸುದ್ದಿ ತರುವ ಕೆಲಸವೇ ಜಾಸ್ತಿ ಹಿಡಿಸಿದೆ.

ಮೊನ್ನೆ ಸಿದ್ದಾಪುರ ಕಡೆ ಕಾಫಿ ತೋಟಕ್ಕೆ ಆನೆ ನುಗ್ಗಿದ ಸುದ್ದಿಗೆ ಹೋಗಿದ್ದೆವು. ಸಿಗಿದು ಹಾಕಿದ ಬಾಳೆ, ಬುಡದಿಂದ ಒರಗಿದ ಕಾಫಿ ಗಿಡ, ಒದ್ದೆ ಮಣ್ಣಲ್ಲಿ ಅಗಲವಾದ ಹೆಜ್ಜೆ. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಅಮ್ಮನೊಬ್ಬರ ಬೈಟ್, ಅಂದರೆ ಕ್ಯಾಮೆರಾ ಮುಂದೆ ಹೇಳುವ ಮಾತು, ತೆಗೆಯುವಾಗ ಮೈಕ್ ನಾನೇ ಹಿಡಿದಿದ್ದೆ. "ಬೆಳಗ್ಗೆ ಕೆಲಸಕ್ಕೆ ಹೋಗೋಕೇ ಭಯ ಆಗ್ತದೆ ಮಗಳೇ" ಅಂದರು. ಟಿವಿಯಲ್ಲಿ ಬಂದದ್ದು ಅಷ್ಟೇ. ಮಕ್ಕಳು ತೋಟದೊಳಗಿನ ದಾರಿಯಲ್ಲೇ ಶಾಲೆಗೆ ನಡೆಯಬೇಕು ಅಂತ ಅವರು ಹೇಳಿದ್ದೆಲ್ಲ ಎಡಿಟಿಂಗ್‌ನಲ್ಲಿ ಹೋಯಿತು. ಬುಲೆಟಿನ್‌ನಲ್ಲಿ ಸಮಯ ಕಮ್ಮಿ, ಅದು ಗೊತ್ತು. ಆದರೂ ತುಂಬಾ ಬೇಜಾರಾಯಿತು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಎಲ್ಲ ಚಾನೆಲ್‌ಗಳಲ್ಲೂ ಕೊಡಗೇ ಇತ್ತು. ಮಳೆ ನಿಂತ ಮೇಲೆ ಹೊರಗಿನ ಕ್ಯಾಮೆರಾಗಳು ಹೋದವು. ಮನೆ ಕಳೆದುಕೊಂಡವರ ಜೊತೆ ಇಲ್ಲೇ ಉಳಿದವರು ನಮ್ಮ ಊರಿನ ವರದಿಗಾರರು. ಅಂಥವರ ಹಿಂದೆ ಬೈಕ್‌ನಲ್ಲಿ ಕೂತು ಕೆಲಸ ಕಲಿಯುವುದು ನನ್ನ ಅದೃಷ್ಟ ಅಲ್ವಾ?

ಆ ಶಾಲೆ ದಾರಿಯ ಬಗ್ಗೆಯೇ ಒಂದು ಸ್ಟೋರಿ ಮಾಡೋಣ ಅಂತ ಸರ್ ಹತ್ತಿರ ಕೇಳಿದ್ದೇನೆ. ಶಾಲೆ ತೆರೆಯುವ ಮೊದಲೇ ಆಗಬೇಕು.