ಫೋನ್ ಕಿತ್ಕೊಳ್ಳೋ ಮೊದ್ಲು ಪಕ್ಕದಲ್ಲಿ ಕೂತು ನೋಡಿ

ಹೋದ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಒಬ್ರು ಅಮ್ಮ ನನ್ನ ಕೈ ಹಿಡಿದು ನಿಲ್ಸಿದ್ರು. "ಟೀಚರೇ, ಇವನಿಗೆ ನೀವಾದ್ರೂ ಬುದ್ಧಿ ಹೇಳಿ, ಊಟಕ್ಕೆ ಕೂತ್ರೂ ರೀಲ್ಸ್, ಮಲಗಿದ್ರೂ ರೀಲ್ಸ್, ಇದೆಲ್ಲ ಸೈತಾನನ ಕೆಲ್ಸ ಅಲ್ವಾ?"

ನಾನು ಕುಂಬಳೆ ಕಡೆ ಹೈಸ್ಕೂಲ್ ಮಕ್ಕಳಿಗೆ ಕ್ಯಾಟಕಿಸಂ, ಅಂದ್ರೆ ಇಗರ್ಜಿಯ ಧರ್ಮಪಾಠ, ಹೇಳಿ ಕೊಡೋದು. ಅವತ್ತು ಪುಸ್ತಕ ಬದಿಗಿಟ್ಟು, ನಿಮ್ಗೆ ಇಷ್ಟ ಆದ ಒಂದು ರೀಲ್ ತೋರ್ಸಿ ಅಂದೆ. ಬೈತಾರೆ ಅಂತ ಹೆದರಿ ಯಾರೂ ಫೋನ್ ತೆಗೀಲಿಲ್ಲ, ಕೊನೆಗೆ ಆ ಹುಡುಗನೇ ತೋರ್ಸಿದ. ಗಲ್ಫಿಂದ ಬಂದವನೊಬ್ಬ ಹೊಸ ಕಾರಿನ ಬಾಗಿಲು ತೆಗ್ದು ಇಳೀತಾನೆ, ಹಿಂದೆ ಮಲಯಾಳಂ ಹಾಡು, ಹಳೇ ಕ್ಲಾಸ್‌ಮೇಟ್ಸ್ ಬಾಯಿ ಬಿಟ್ಟು ನೋಡ್ತಾರೆ, 30 ಸೆಕೆಂಡ್ ಅಷ್ಟೆ. ಮೂರು ಸಲ ಹಾಕಿ ನೋಡಿದ್ವಿ. ಗೆದ್ದವನು ಅಂದ್ರೆ ಯಾರು ಅಂತ ಇದು ಹೇಳ್ತದೆ, ಇದ್ರಲ್ಲಿ ಸತ್ಯ ಎಷ್ಟುಂಟು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ ಹುಡುಗಿಯೊಬ್ಳು ಹೇಳಿದ್ಳು, "ನನ್ನ ಪಪ್ಪನೂ ಅಲ್ಲೇ ಇರೋದು ಟೀಚರ್, ಅವ್ರ ರೂಮಲ್ಲಿ ಆರು ಜನ ಮಲಗೋದು, ಅದನ್ನ ಯಾರೂ ವಿಡಿಯೋ ಮಾಡೋದಿಲ್ಲ." ಆ ಹುಡುಗ ತಲೆ ತಗ್ಗಿಸಿ, "ಆದ್ರೂ ಊರಿಗೆ ವಾಪಸ್ ಬರುವ ಖುಷಿ ಉಂಟಲ್ವಾ ಅದ್ರಲ್ಲಿ" ಅಂದ.

ಇಬ್ರು ಹೇಳಿದ್ದೂ ಸರಿ. ಏಸುವಿನ ಸುವಾರ್ತೆ ಸಾರ್ತಿದ್ದ ಪೌಲ ಗ್ರೀಸಿನ ಅಥೇನೆಯಲ್ಲಿ ಮಾಡಿದ್ದೂ ಇದನ್ನೇ, ಬೈಬಲಿನ ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ತೆಗ್ದು ನೋಡಿ, ಊರು ತುಂಬಾ ವಿಗ್ರಹ ಕಂಡು ಅವನ ಮನಸ್ಸು ಕುದೀತದೆ, ಆದ್ರೆ ಅವನು ಓಡಿ ಹೋಗೋದಿಲ್ಲ, ಸುತ್ತಾಡಿ ನೋಡ್ತಾನೆ, ಬಲಿಪೀಠದ ಮೇಲಿನ ಬರಹ ಓದ್ತಾನೆ, ಅವ್ರದ್ದೇ ಕವಿಯ ಮಾತು ಹಿಡಿದು ದೇವರ ವಿಷಯಕ್ಕೆ ಬರ್ತಾನೆ. ಎಲ್ಲ ಒಪ್ಪಿಕೊಳ್ಳಬೇಕು ಅಂತಲ್ಲ. ಬೈಬಲಲ್ಲೇ ಬರುವ, ಸೆರೆಯಾಗಿ ಬಾಬಿಲೋನಿಗೆ ಹೋದ ದಾನಿಯೇಲ ಅಲ್ಲಿನವರ ಭಾಷೆ, ಸಾಹಿತ್ಯ ಎಲ್ಲ ಕಲಿತ, ರಾಜನ ಊಟ ಮಾತ್ರ ಬೇಡ ಅಂದ. ಯಾವುದಕ್ಕೆ ಬೇಡ ಅನ್ನಬೇಕು ಅಂತ ಗೊತ್ತಾಗ್ಲಿಕ್ಕೆ ಮೊದ್ಲು ಅದನ್ನ ಸಮ ನೋಡಿರಬೇಕು.

ಇನ್ನೊಂದು ವಿಷಯ ನನ್ನನ್ನು ಬಿಡೋದೇ ಇಲ್ಲ. ಇಲ್ಲೇ ಮಂಜೇಶ್ವರದ ಗೋವಿಂದ ಪೈಗಳು, ನಮ್ಮ ಹಾಗೇ ಮನೆಯಲ್ಲಿ ಕೊಂಕಣಿ ಮಾತಾಡ್ತಿದ್ದವರು, ಕ್ರೈಸ್ತರಲ್ಲ, ಏಸುವಿನ ಕೊನೇ ದಿನದ ಮೇಲೆ 'ಗೊಲ್ಗೊಥಾ' ಅಂತ ಖಂಡಕಾವ್ಯವನ್ನೇ ಬರೆದ್ರು. ನಮ್ಮ ಸುವಾರ್ತೆಯ ಹತ್ರ ಅವ್ರು ಅಷ್ಟು ಹೊತ್ತು, ಅಷ್ಟು ಗೌರವದಿಂದ ಕೂತಿದ್ರಲ್ಲ, ನೆರೆಯವರ ಕಥೆ, ಹಾಡು, ಸಿನಿಮಾದ ಹತ್ರ ನಾವು ಹಾಗೆ ಕೂತಿದ್ದೇವಾ? ನನ್ನ ಕ್ಲಾಸಲ್ಲಿ ಆ ಕಾವ್ಯದ ಹೆಸ್ರು ಕೇಳಿದ ಮಗು ಒಂದೂ ಇರ್ಲಿಲ್ಲ, ಅದು ಮಕ್ಕಳ ತಪ್ಪಲ್ಲ.

ಕ್ಲಾಸ್ ಬಿಟ್ಟಾಗ ಆ ಅಮ್ಮ ಗೇಟ್ ಹತ್ರ ಕಾಯ್ತಾ ಇದ್ರು. ಇವತ್ತು ರಾತ್ರಿ ಪಕ್ಕದಲ್ಲಿ ಕೂತು 'ನಂಗೂ ಒಂದು ತೋರ್ಸು ಮಗಾ' ಅನ್ನಿ, ಎರಡು ನಿಮಿಷ ಏನೂ ಬೈಬೇಡಿ ಅಂದೆ. ಈ ವಾರಕ್ಕೆ 'ಗೊಲ್ಗೊಥಾ'ದ ಎರಡು ಪುಟ ಜೆರಾಕ್ಸ್ ಮಾಡಿಟ್ಟಿದ್ದೇನೆ, ಭಾಷೆ ಗಟ್ಟಿ ಉಂಟು, ಕಷ್ಟದ ಪದಗಳಿಗೆ ಪಕ್ಕದಲ್ಲೇ ಅರ್ಥ ಬರ್ದಿದ್ದೇನೆ. ಆ ಹುಡುಗಿ ಪಪ್ಪನ ರೂಮಿನ ಫೋಟೋ ತರ್ತೇನೆ ಅಂದಿದ್ದಾಳೆ.