ಬೆಂಗಳೂರಿನಿಂದ ತೀರ್ಥನ್ ಕಣಿವೆಗೆ: ಟ್ರೌಟ್ ಹಿಡಿಯಲು ಹೊರಟವರಿಗೆ ಒಂದಿಷ್ಟು ಮಾತು

ಬೆಂಗಳೂರಿನಲ್ಲಿ ಗಾಳದ ಹುಚ್ಚು ಇದ್ದ ಹಳೆಯ ತಲೆಮಾರಿಗೆ ಮೀನು ಅಂದರೆ ಕಾವೇರಿಯ ಬಿಳಿಮೀನು, ಅಂದರೆ ಮಹಸೀರ್. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಅಂದರೆ ಅವರ ಕಣ್ಣು ಈಗಲೂ ಅರಳುತ್ತದೆ. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ನೀರಿಗೆ ಎಸೆದು, ಬಂಡೆ ಮೇಲೆ ಗಂಟೆಗಟ್ಟಲೆ ಕೂರುವ ಆಟ ಅದು. ಅಭಯಾರಣ್ಯದ ಒಳಗೆ ಗಾಳ ಹಾಕುವುದು ನಿಂತ ಮೇಲೆ ರಾಡುಗಳೆಲ್ಲ ಅಟ್ಟ ಸೇರಿದವು. ನಮ್ಮ ಮನೆಯಲ್ಲೂ ಅಷ್ಟೇ. ಆ ಗಂಟಿನಲ್ಲಿ ಚಿಕ್ಕಪ್ಪನ ಒಂದು ಫ್ಲೈ ರಾಡ್ ಇತ್ತು. ಫ್ಲೈ ಅಂದರೆ ಹುಳುವಿನ ಹಾಗೆ ಕಾಣುವಂತೆ ಗರಿ, ನೂಲು ಸುತ್ತಿದ ಪುಟ್ಟ ಕೊಕ್ಕೆ. ಆ ರಾಡ್ ಹಿಡಿದುಕೊಂಡೇ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಬಂದೆ. ಹೋಗಬೇಕು ಅಂದುಕೊಂಡಿರುವವರಿಗೆ ಮೊದಲೇ ಒಂದು ಮಾತು: ಕಾವೇರಿಯಲ್ಲಿ ಕಲಿತ ತಾಳ್ಮೆ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಟ್ರೌಟ್ ತಣ್ಣೀರಿನ ಹೊಳೆಯ ಮೀನು, ಅದನ್ನು ಹಿಡಿಯುವವನು ಕೂರಬಾರದು, ನಡೆಯಬೇಕು.

‘ಇಷ್ಟು ದೂರ ಯಾಕೆ, ಊಟಿ ಹತ್ತಿರವೇ ಟ್ರೌಟ್ ಇದೆಯಲ್ಲ’ ಅಂತ ಕೇಳುತ್ತಾರೆ. ಇದೆ. ನೀಲಗಿರಿಯ ಅವಲಾಂಚೆಯಲ್ಲಿ 1907ರಲ್ಲೇ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾಗಿತ್ತು. ಆದರೆ ಆ ಕಡೆಯ ಒಳ್ಳೆಯ ನೀರು ಹೆಚ್ಚಾಗಿ ಅರಣ್ಯದ ಒಳಗಿದೆ. ಅನುಮತಿ ಕೈಯಲ್ಲಿ ಇಲ್ಲದೆ ಸುಮ್ನೆ ಕಾರು ಹತ್ತಬೇಡಿ. ತೀರ್ಥನ್‌ನಲ್ಲಿ ಹಾಗಲ್ಲ. ಊರಿನ ಪಕ್ಕದಲ್ಲೇ ಹೊಳೆ, ಹೊಳೆಯ ಪಕ್ಕದಲ್ಲೇ ಹೋಂಸ್ಟೇ. ಬೆಳಿಗ್ಗೆ ಚಹಾ ಕುಡಿದು ಹತ್ತು ಹೆಜ್ಜೆ ಇಟ್ಟರೆ ನೀರು. ಅಲ್ಲಿನ ಟ್ರೌಟ್ ಕೂಡ ಮೂಲದವಲ್ಲ. 1909ರಲ್ಲಿ ಕಾಶ್ಮೀರದಿಂದ ಬ್ರೌನ್ ಟ್ರೌಟ್ ಮೊಟ್ಟೆ ತಂದು, ತೀರ್ಥನ್ ಇರುವ ಕುಲ್ಲು ಸೀಮೆಯ ಹೊಳೆಗಳಿಗೆ ಬಿಟ್ಟರು. ಅವು ಅಲ್ಲೇ ಬೇರು ಬಿಟ್ಟವು.

ಯಾವಾಗ ಹೋಗಬೇಕು ಅನ್ನುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯ ತನಕ ಟ್ರೌಟ್ ಹಿಡಿಯುವಂತಿಲ್ಲ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಚಳಿಗಾಲದಲ್ಲಿ. ಜುಲೈ, ಆಗಸ್ಟ್ ಮಳೆಯಲ್ಲಿ ನೀರು ಕೆಂಪಗೆ ಹರಿಯುತ್ತದೆ, ಗುಡ್ಡ ಕುಸಿಯುತ್ತದೆ. 2023ರ ಜುಲೈನಲ್ಲಿ ಕುಲ್ಲು ಜಿಲ್ಲೆಯ ರಸ್ತೆ, ಸೇತುವೆಗಳು ಕೊಚ್ಚಿ ಹೋಗಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ ಅಲ್ವಾ? ಹಾಗಾಗಿ ಉಳಿಯುವುದು ಎರಡು ಕಿಟಕಿ: ಮಾರ್ಚ್‌ನಿಂದ ಜೂನ್ ಮೊದಲ ಭಾಗ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮಕ್ಕಳ ರಜೆ ಅಂತ ಮೇ ತಿಂಗಳಲ್ಲೇ ಹೋಗುವವರು ಒಂದು ವಿಷಯ ನೆನಪಿಡಿ. ಬಿಸಿಲೇರಿದ ಹಾಗೆ ಮೇಲೆ ಹಿಮ ಕರಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೊಳೆ ಏರುತ್ತದೆ, ನೀರು ಮಬ್ಬಾಗುತ್ತದೆ. ಆಗ ಬೆಳಗಿನ ಹೊತ್ತೇ ನಿಮ್ಮದು. ನನ್ನನ್ನು ಕೇಳಿದರೆ ಅಕ್ಟೋಬರ್. ನೀರು ತಿಳಿ, ಆಕಾಶ ತಿಳಿ, ಜನ ಕಡಿಮೆ.

ದಾರಿ ಕಷ್ಟವಿಲ್ಲ, ಉದ್ದ ಅಷ್ಟೇ. ಬೆಂಗಳೂರಿನಿಂದ ದೆಹಲಿಗೋ ಚಂಡೀಗಢಕ್ಕೋ ವಿಮಾನ. ದೆಹಲಿಯಾದರೆ ಸಂಜೆ ಕಾಶ್ಮೀರಿ ಗೇಟ್‌ನಲ್ಲಿ ಮನಾಲಿ ಕಡೆಯ ಬಸ್ಸು ಹತ್ತಿ, ಬೆಳಗಿನ ಜಾವ ಔಟ್ ಅನ್ನುವ ಊರಲ್ಲಿ ಇಳಿಯಬೇಕು. ಔಟ್‌ನ ಸುರಂಗ ದಾಟಿಬಿಟ್ಟರೆ ನೀವು ಮನಾಲಿ ದಾರಿಯಲ್ಲಿ ಮುಂದೆ ಹೋದ ಹಾಗೆಯೇ. ಹತ್ತುವಾಗಲೇ ಕಂಡಕ್ಟರ್‌ಗೆ ಹೇಳಿಡಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಲಾರ್ಜಿ, ಬಂಜಾರ್ ದಾಟಿ ನಾಗಿನಿ, ಆಮೇಲೆ ಗುಶೈನಿ. ದುಡ್ಡು ಬಂಜಾರ್‌ನಲ್ಲೇ ಎಟಿಎಂನಿಂದ ತೆಗೆದಿಟ್ಟುಕೊಳ್ಳಿ. ಮುಂದೆ ಮೊಬೈಲ್ ಸಿಗ್ನಲ್ ನಂಬಿ ಫೋನ್‌ಪೇ ಲೆಕ್ಕ ಹಾಕಬೇಡಿ.

ಕೊಕ್ಕೆ, ಕತ್ತರಿ, ಇಕ್ಕಳ ಎಲ್ಲವನ್ನೂ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ. ನಾಲ್ಕು ತುಂಡಾಗಿ ಬಿಚ್ಚುವ ರಾಡ್ ಆದರೆ ದೊಡ್ಡ ಸೂಟ್‌ಕೇಸಿನಲ್ಲೇ ಹಿಡಿಯುತ್ತದೆ.

ಸಾಮಾನಿನ ವಿಷಯಕ್ಕೆ ಬರೋಣ. ಅಂಗಡಿಯವರು ಹೇಳಿದ್ದೆಲ್ಲ ಬೇಡ. ಎಂಟೂವರೆಯಿಂದ ಒಂಬತ್ತು ಅಡಿ ಉದ್ದದ, 4 ಅಥವಾ 5 ವೆಯ್ಟ್ ರಾಡ್ (ಈ ಅಂಕಿ ದಾರದ ತೂಕದ ಲೆಕ್ಕ), ಅದಕ್ಕೆ ತಕ್ಕ ತೇಲುವ ಲೈನ್ ಅಂದರೆ ದಾರ, ಅದರ ತುದಿಗೆ ಕಟ್ಟುವ ಒಂಬತ್ತು ಅಡಿಯ ಸಣ್ಣ ಎಳೆ ಲೀಡರ್, ಫ್ಲೈ ಕಟ್ಟುವ ಇನ್ನೂ ತೆಳು ಎಳೆ ಟಿಪ್ಪೆಟ್, 4ಎಕ್ಸ್ ಮತ್ತು 5ಎಕ್ಸ್ ದಪ್ಪದ್ದು. ಫ್ಲೈಗಳಲ್ಲಿ ಮುಳುಗುವುದಕ್ಕೆ ಫೆಸೆಂಟ್ ಟೇಲ್, ಹೇರ್ಸ್ ಇಯರ್. ತೇಲುವುದಕ್ಕೆ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್. 14, 16ನೇ ಸೈಜು ಸಾಕು. ಒಂದೊಂದರಲ್ಲೂ ಜಾಸ್ತಿಯೇ ಇಟ್ಟುಕೊಳ್ಳಿ, ಬಂಡೆ ಮತ್ತು ಮರದ ಕೊಂಬೆ ತಮ್ಮ ಪಾಲು ಕೇಳಿಯೇ ಕೇಳುತ್ತವೆ. ಕಳೆದುಕೊಳ್ಳಬಾರದ ಇನ್ನೊಂದು ವಸ್ತು ಪೋಲರೈಸ್ಡ್ ಕನ್ನಡಕ. ಅದಿಲ್ಲದೆ ನೀರಿನ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ.

ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಕೈ ಪಳಗಿಸಿ. ಇದನ್ನು ಒತ್ತಿ ಹೇಳುತ್ತೇನೆ. ರಾಗಿ ಉಂಡೆ ತನ್ನ ತೂಕದಿಂದಲೇ ದಾರ ಎಳೆದುಕೊಂಡು ಹಾರುತ್ತದೆ. ಫ್ಲೈಗೆ ತೂಕವೇ ಇಲ್ಲ, ಇಲ್ಲಿ ಹಾರುವುದು ದಾರ, ಫ್ಲೈ ಅದರ ಹಿಂದೆ ಹೋಗುತ್ತದೆ. ಹಾಗಾಗಿ ತೋಳಿನ ಬಲ ಬೇಡ. ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವ ತನಕ ತಡೆದು, ಆಮೇಲೆ ಮುಂದಕ್ಕೆ. ಆ ತಡೆಯುವ ಗಳಿಗೆ ಕೈಗೆ ಬಂದರೆ ಮುಕ್ಕಾಲು ವಿದ್ಯೆ ಬಂದ ಹಾಗೆ. ಕೊಕ್ಕೆಯ ಬದಲು ಕೆಂಪು ಉಲನ್ ತುಂಡು ಕಟ್ಟಿ, ಬಡಾವಣೆಯ ಮೈದಾನದಲ್ಲಿ ಕ್ರಿಕೆಟ್ ಹುಡುಗರು ಬರುವ ಮುಂಚೆ ಅಭ್ಯಾಸ ಮಾಡಿ. ವಾಕಿಂಗ್ ಬಂದವರು ನಿಂತು ‘ಏನ್ ಸಾರ್, ಇಲ್ಲಿ ಮೀನು ಸಿಗುತ್ತಾ?’ ಅಂತ ಕೇಳುತ್ತಾರೆ. ‘ನೆನ್ನೆ ಎರಡು ಸಿಕ್ಕಿತ್ತು’ ಅಂದರೆ ಮುಂದೆ ಹೋಗುತ್ತಾರೆ.

ಅಲ್ಲಿ ಹೋದ ಮೇಲೆ ಮೊದಲ ಕೆಲಸ ಪರ್ಮಿಟ್. ಹಿಮಾಚಲದ ಮೀನುಗಾರಿಕೆ ಇಲಾಖೆ ದಿನದ ಲೆಕ್ಕದಲ್ಲಿ ಕೊಡುತ್ತದೆ. ಎಲ್ಲಿ ಮಾಡಿಸಬೇಕು, ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂದು ಹೋಂಸ್ಟೇಯವರನ್ನು ಫೋನಿನಲ್ಲೇ ಕೇಳಿಕೊಳ್ಳಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ಅಲ್ಲೇ ಮೇಲೆ ಇದೆ, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಕಾಡು. ಅದರ ಗಡಿಯೊಳಗೆ ರಾಡ್ ಬಿಚ್ಚುವ ಯೋಚನೆಯೇ ಬೇಡ. ಗುಶೈನಿಯಿಂದ ಕೆಳಗೆ ಬೇಕಾದಷ್ಟು ನೀರಿದೆ. ಫಲಾಚನ್ ಹೊಳೆ ಗುಶೈನಿಯಲ್ಲೇ ತೀರ್ಥನ್‌ಗೆ ಸೇರುತ್ತದೆ. ಮೊದಲ ದಿನ ಊರಿನ ಒಬ್ಬ ಗೈಡ್ ಜೊತೆಗಿರಲಿ. ಯಾವ ಬಂಡೆ ಜಾರುತ್ತದೆ ಅನ್ನುವುದು ಅವರಿಗೆ ಗೊತ್ತು.

ಈಗ ನಡೆಯುವ ಮಾತು. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ತೇಲಿ ಬರುವ ಹುಳು ಹುಪ್ಪಟೆ ಕಾಯುತ್ತಾ. ಆದ್ದರಿಂದ ನೀವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಹೊಳೆಯ ನಡುವಿನ ರಭಸದಲ್ಲಿ ಅದು ನಿಲ್ಲುವುದಿಲ್ಲ, ಸುಮ್ಮನೆ ಶಕ್ತಿ ಯಾಕೆ ಕಳೆಯಬೇಕು? ದೊಡ್ಡ ಬಂಡೆಯ ಹಿಂದೆ, ಜೋರು ನೀರು ಮತ್ತು ನಿಧಾನದ ನೀರು ತಾಗುವ ಗೆರೆಯಲ್ಲಿ, ದಡಕ್ಕೆ ಅಂಟಿಕೊಂಡ ಮೊಣಕಾಲುದ್ದದ ನೀರಿನಲ್ಲಿ ಇರುತ್ತದೆ. ಹೊಸಬರು ನೇರ ನೀರಿಗಿಳಿದು ದೂರಕ್ಕೆ ಎಸೆಯುತ್ತಾರೆ. ಅಷ್ಟರಲ್ಲಿ ಕಾಲಡಿಯ ಮೀನು ಓಡಿಹೋಗಿರುತ್ತದೆ. ದಡದಲ್ಲೇ ನಿಂತು ಮೊದಲು ಹತ್ತಿರದ ನೀರು ನೋಡಿ. ಒಂದು ಜಾಗದಲ್ಲಿ ನಾಲ್ಕೈದು ಸಲ ಹಾಕಿ, ಏನೂ ಆಗದಿದ್ದರೆ ಮುಂದಿನ ಬಂಡೆಗೆ ನಡೆಯಿರಿ. ಫ್ಲೈ ನೀರಿನ ಜೊತೆಗೇ ಸಹಜವಾಗಿ ತೇಲಬೇಕು. ದಾರ ಎಳೆದು ಅದು ಅಡ್ಡಡ್ಡ ಜಾರಿದರೆ ಟ್ರೌಟ್ ತಿರುಗಿಯೂ ನೋಡುವುದಿಲ್ಲ.

ಕೆಲವೊಮ್ಮೆ ಬಣ್ಣದ ಚುಕ್ಕೆ ಇಲ್ಲದ, ಬೆಳ್ಳಗಿನ ಮೀನೊಂದು ಸಿಗುತ್ತದೆ. ಅದು ಸ್ನೋ ಟ್ರೌಟ್. ಹೆಸರು ಟ್ರೌಟ್ ಆದರೂ ನಮ್ಮ ಬಿಳಿಮೀನಿನ ಹಾಗೆ ಕಾರ್ಪ್ ಜಾತಿಯದು, ಅಲ್ಲಿನ ಮೂಲನಿವಾಸಿ. ಅದನ್ನು ಬಿಟ್ಟುಬಿಡಿ. ಬಿಡುವ ಮೀನು ಯಾವುದೇ ಇರಲಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರೆ ಬಿಡಿಸುವುದು ಸುಲಭ. ಫೋಟೊ ಬೇಕಿದ್ದರೆ ನೀರಿನ ಮಟ್ಟದಲ್ಲೇ, ಬೇಗ.

ಬಂಡೆಗಳು ಪಾಚಿ ಹಿಡಿದು ಜಾರುತ್ತವೆ. ಟ್ರೆಕ್ಕಿಂಗ್ ಶೂ ಸಾಲದು, ಫೆಲ್ಟ್ ಅಡಿಯ ವೇಡಿಂಗ್ ಶೂ ಇರಲಿ, ಜೊತೆಗೊಂದು ಕೋಲು. ಸೊಂಟದ ಮೇಲೆ ನೀರು ಬರುವ ಕಡೆ ದಾಟಲೇಬೇಡಿ. ಈಜು ಬಂದರೂ ಆ ತಣ್ಣೀರಿನಲ್ಲಿ ಕೈಕಾಲು ಬೇಗ ಮರಗಟ್ಟುತ್ತದೆ. ಜೊತೆಗೆ ಬಂದ ಮನೆಯವರಿಗೆ ಬೇಜಾರಾದರೆ ಒಂದು ದಿನ 3,120 ಮೀಟರ್ ಎತ್ತರದ ಜಲೋರಿ ಪಾಸ್‌ಗೆ ಕರೆದುಕೊಂಡು ಹೋಗಿ. ಹೋಂಸ್ಟೇಯಲ್ಲಿ ಸಿಡ್ಡು ಮಾಡಿಸಿ ತಿನ್ನಿ. ತುಪ್ಪ ಹಾಕಿಕೊಂಡು ತಿನ್ನುವ ಹಬೆಯ ರೊಟ್ಟಿ, ಹೊಟ್ಟೆ ತುಂಬ ಹೊತ್ತು ಗಟ್ಟಿ ಇರುತ್ತದೆ.

ಅಕ್ಟೋಬರ್‌ನಲ್ಲಿ ಹೋಗುವವರು ಪಂಚಾಂಗ ನೋಡಿಕೊಳ್ಳಿ. ಮೈಸೂರಿನಲ್ಲಿ ಜಂಬೂಸವಾರಿ ಮುಗಿಯುವ ವಿಜಯದಶಮಿಯ ದಿನವೇ ಕುಲ್ಲು ದಸರಾ ಶುರುವಾಗುತ್ತದೆ, ಏಳು ದಿನ ನಡೆಯುತ್ತದೆ. ಆ ವಾರ ಬಸ್ಸು, ಟ್ಯಾಕ್ಸಿ ಎಲ್ಲ ಆ ಕಡೆಗೇ. ಜಾತ್ರೆ ನೋಡುವ ಆಸೆ ಇಲ್ಲದಿದ್ದರೆ ಅದು ಮುಗಿದ ಮೇಲಿನ ದಿನಗಳಿಗೆ ಟಿಕೆಟ್ ಮಾಡಿಸಿ. ಆದರೆ 31ಕ್ಕೆ ಟ್ರೌಟ್ ಹಿಡಿಯುವುದಕ್ಕೆ ಬಾಗಿಲು ಹಾಕುತ್ತದೆ ಅನ್ನುವುದು ಮರೆಯಬೇಡಿ.